ಬಂಡೆಗೊಂದು ಟೈರು, ಟೈರಿಗೊಂದು ನಿಂಬೆಹಣ್ಣು

ಭದ್ರಾವತಿ

ವಿದೇಶಕ್ಕೆ ಹೋದವರು ಎತ್ತರದ ಕಟ್ಟಡ, ಸಮುದ್ರ, ಅಂಗಡಿ ಬೀದಿ ನೋಡಿ ಬರುತ್ತಾರೆ. ನಾನು ಒಮಾನಿಗೆ ಹೋಗಿ ಕಣ್ತುಂಬ ನೋಡಿದ್ದು ಟೈರು. ಮಸ್ಕತ್ತಿನ ದೊಡ್ಡ ಮಸೀದಿಯ ಮುಂದೆ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದರೆ, ನಮ್ಮ ಮನೆಯವರು ಪಕ್ಕದಲ್ಲಿ ನಿಲ್ಲಿಸಿದ್ದ ಯಾರದೋ ಗಾಡಿಯ ಚಕ್ರಕ್ಕೆ ಉಗುರು ಒತ್ತಿ ರಬ್ಬರ್ ಎಷ್ಟು ಮೆತ್ತಗಿದೆ ಅಂತ ಪರೀಕ್ಷೆ ಮಾಡುತ್ತಿದ್ದರು. ಗಾಡಿಯ ಯಜಮಾನ ಬಂದು ಹಿಂದೆ ನಿಂತದ್ದೂ ಗೊತ್ತಾಗಲಿಲ್ಲ. ಪುಣ್ಯಕ್ಕೆ ಆತ ನಕ್ಕು, ತಾನೂ ಬಗ್ಗಿ ಒಂದು ಸಲ ಉಗುರು ಒತ್ತಿ ನೋಡಿದ.

ನಮ್ಮವರ ಹೆಸರು ರುದ್ರೇಶ. ಭದ್ರಾವತಿಯಲ್ಲಿ ಟೈರ್ ಅಂಗಡಿ. ಮನೆ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ, ಹಾಗಾಗಿ ದಿನಾ ಓಡಾಟ. ನಾನು ಗಿರಿಜಾ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮಳೆಗಾಲ ಬಂತೆಂದರೆ ಇವರು ಸ್ನೇಹಿತರ ಜೊತೆ ಜೀಪು ತೆಗೆದುಕೊಂಡು ತೀರ್ಥಹಳ್ಳಿ ಕಡೆಯ ಕೆಸರು ಹುಡುಕಿಕೊಂಡು ಹೋಗುತ್ತಾರೆ. ಅದಕ್ಕೂ ಸ್ಪರ್ಧೆ, ಅದಕ್ಕೂ ಬಹುಮಾನದ ಕಪ್ಪು. ಕೆಸರಿನಲ್ಲಿ ತಮ್ಮನ್ನು ಮೀರಿಸುವವರು ಈ ಸೀಮೆಯಲ್ಲೇ ಇಲ್ಲ ಎನ್ನುವುದು ಇವರ ಅಭಿಪ್ರಾಯ. ಬಟ್ಟೆ ಒಗೆಯುವವಳು ನಾನಾದ್ದರಿಂದ ನನ್ನ ಅಭಿಪ್ರಾಯ ಬೇರೆ.

ಒಮಾನಿನ ಪ್ರಯಾಣ ಹುಟ್ಟಿದ್ದು ಒಂದು ಫೋನಿನಿಂದ. ಮಾಡಿದವನು ಸೆಲ್ವಂ, ಇವರ ಬಾಲ್ಯದ ಗೆಳೆಯ. ಅವನ ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕ್ವಾರ್ಟರ್ಸಿನ ಬೀದಿಯಲ್ಲಿ ಇಬ್ಬರೂ ಹಳೇ ಟೈರು ಉರುಳಿಸಿಕೊಂಡು ಬೆಳೆದವರು. ಒಬ್ಬ ಟೈರು ಮಾರಿದ, ಇನ್ನೊಬ್ಬ ಮಸ್ಕತ್ತಿಗೆ ಹೋಗಿ ಗ್ಯಾರೇಜು ಹಾಕಿದ. ಗ್ಯಾರೇಜಿನ ಕೆಲಸ ಮುಗಿದ ಮೇಲೆ ಸಂಜೆ ಸಂಜೆ ಕೂತು ಒಂದು ಹಳೇ ಜೀಪನ್ನು ಬಿಚ್ಚಿ, ಕೊಯ್ದು, ಬೆಸೆದು, ಬಂಡೆ ಹತ್ತುವ ಗಾಡಿ ಮಾಡಿಕೊಂಡಿದ್ದ.

ಬಂಡೆ ಹತ್ತುವುದೆಂದರೆ ಓಟದ ಪಂದ್ಯವಲ್ಲ. ಮೇಕೆ ಕೂಡ ಒಂದು ಕ್ಷಣ ಯೋಚನೆ ಮಾಡುವಂಥ ಜಾಗದಲ್ಲಿ ಗಾಡಿಯನ್ನು ಇಂಚು ಇಂಚಾಗಿ ಹತ್ತಿಸುವುದು. ಸೆಲ್ವಂ ಮತ್ತು ಅಲ್ಲಿನ ಕೆಲವರು ಸೇರಿ ವರ್ಷಕ್ಕೊಮ್ಮೆ ಬೆಟ್ಟದ ಸಾಲಿನ ಒಂದು ಒಣಹೊಳೆಗೆ ಹೋಗುತ್ತಾರೆ. ಅದರ ಕೊನೆಯಲ್ಲೊಂದು ಬಂಡೆಯ ಏರು. ಅದಕ್ಕೆ ಅವರೆಲ್ಲ ಇಟ್ಟ ಹೆಸರು ಗೋಡೆ. ಸೆಲ್ವಂನ ಗಾಡಿ ಆ ಗೋಡೆಯನ್ನು ಒಂದು ಸಲವೂ ಹತ್ತಿರಲಿಲ್ಲ. ಈಗ ನೋಡಿದರೆ ಅವನ ಬಲಭುಜ ಹಿಡಿದುಕೊಂಡು ಕೈ ಮೇಲೇಳುತ್ತಿಲ್ಲ.

"ರುದ್ರ, ಈ ಸಲ ನೀನೇ ಬಂದು ಓಡ್ಸು ಮಾರಾಯ," ಎಂದ ಫೋನಿನಲ್ಲಿ. "ಹತ್ತಿದ್ರೆ ಗಾಡಿ ಇಟ್ಕೋತೀನಿ. ಹತ್ತಲಿಲ್ಲಾಂದ್ರೆ ಕೊಟ್ಬಿಡ್ತೀನಿ. ತಗೊಳ್ಳೋನು ಅವತ್ತು ಅಲ್ಲಿಗೇ ಬರ್ತಾನೆ."

"ಕೊಟ್ಬಿಡ್ತೀಯಾ? ಅಷ್ಟು ವರ್ಷ ಕೂತು ಮಾಡಿದ್ದು!"

"ಭುಜಾನೂ ಹೋಯ್ತು, ಗಾಡೀನೂ ಹತ್ತಲ್ಲ. ಕಾವೇರಿಗೂ ಸಾಕಾಗಿದೆ ಅನ್ಸುತ್ತೆ, ಬಾಯ್ಬಿಟ್ಟು ಹೇಳಲ್ಲ ಅಷ್ಟೇ. ಇದೇ ಲಾಸ್ಟ್. ಟೈರ್ ಮಾತ್ರ ನೀನೇ ಆರಿಸ್ಬೇಕು ಡಾ."

ಕಾವೇರಿ ಎಂದರೆ ಅವನ ಹೆಂಡತಿ. ಕಪ್ಪು ಸೋತರೂ ಊಟ ಬಿಡದ ಮನುಷ್ಯ ಅವತ್ತು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟೆದ್ದರು. ಆಗಲೇ ನನಗೆ ಗೊತ್ತಾಯಿತು, ರಜೆ ಹಾಕಬೇಕು ಅಂತ.

ಹೊರಡುವ ದಿನ ನಮ್ಮತ್ತೆ ಒಂದು ಬಟ್ಟೆಯ ಗಂಟು ತಂದು ಕೈಗಿಟ್ಟರು. ಒಳಗೆ ನಾಲ್ಕು ನಿಂಬೆಹಣ್ಣು. ಹೊಸ ಟೈರು ಹಾಕಿದ ಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಅದರ ಮೇಲೆ ಹಾಯಿಸಿ ಒಡೆಯದೆ ನಮ್ಮ ಅಂಗಡಿಯಿಂದ ಒಂದು ಗಾಡಿಯೂ ಕದಲುವುದಿಲ್ಲ. ಸಂಜೆ ಹೊತ್ತಿಗೆ ಅಂಗಡಿ ಮುಂದಿನ ರಸ್ತೆಯೆಲ್ಲ ಸಿಪ್ಪೆ.

"ನಿಂಬೆಹಣ್ಣು ಅಲ್ಲಿ ಸಿಗಲ್ವಾ ಅತ್ತೆ?" ಎಂದೆ.

"ಸಿಗುತ್ತೋ ಇಲ್ವೋ ನಂಗೇನ್ ಗೊತ್ತು? ಇದು ಮನೆ ಗಿಡದ್ದು," ಎಂದರು. ಮನೆ ಗಿಡದ್ದು ಎಂದಮೇಲೆ ಮಾತು ಮುಗಿಯಿತು.

ಮಸ್ಕತ್

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದರು. ಸಮವಸ್ತ್ರದ ಹೆಣ್ಣುಮಗಳೊಬ್ಬಳು ಗಂಟು ಬಿಚ್ಚಿ, ಒಂದು ಹಣ್ಣು ಎತ್ತಿ ಮೂಸಿ ನೋಡಿ, ಏನಿದು ಎನ್ನುವಂತೆ ನನ್ನ ಮುಖ ನೋಡಿದಳು. ಟೈರಿಗೆ ಎಂದು ಹೇಳಲು ನನಗೆ ಇಂಗ್ಲಿಷಿನಲ್ಲಿ ಧೈರ್ಯ ಬರಲಿಲ್ಲ. "ಮದರ್ ಇನ್ ಲಾ," ಎಂದೆ. ಆಕೆ ಒಂದು ದೊಡ್ಡ ನಿಟ್ಟುಸಿರು ಬಿಟ್ಟು ಗಂಟು ಕಟ್ಟಿ ವಾಪಸ್ ಕೊಟ್ಟಳು. ಅತ್ತೆಯಂದಿರ ವಿಷಯದಲ್ಲಿ ಭಾಷೆ ಅಡ್ಡ ಬರುವುದಿಲ್ಲ ಅಂತ ಕಾಣುತ್ತದೆ.

ಸೆಲ್ವಂ ಹೊರಗೆ ಕಾಯುತ್ತಿದ್ದ. ಇಬ್ಬರೂ ತಬ್ಬಿಕೊಂಡರು, ಸೆಲ್ವಂ ಒಂದೇ ಕೈಯಲ್ಲಿ. ಮೊದಲೇ ಕರೆದುಕೊಂಡು ಹೋಗಿದ್ದು ಮನೆಗಲ್ಲ, ಗ್ಯಾರೇಜಿಗೆ. ಗಾಡಿ ನೋಡಿ ನನಗೆ ಅಯ್ಯೋ ಅನ್ನಿಸಿತು. ಬಾಗಿಲಿಲ್ಲ, ಗಾಜಿಲ್ಲ, ಮೇಲೆ ಬರೀ ಕೊಳವೆಗಳು. ನಮ್ಮ ಸ್ಕೂಲಿನ ಮೈದಾನದಲ್ಲಿ ಮಕ್ಕಳು ನೇತಾಡುವ ಕಬ್ಬಿಣದ ಚೌಕಟ್ಟಿಗೆ ಚಕ್ರ ಹಾಕಿದ ಹಾಗಿತ್ತು. ಇವರು ಮಾತ್ರ ದೇವರ ಗುಡಿಗೆ ಬಂದವರಂತೆ ಸುತ್ತು ಹಾಕಿದರು. "ಸೆಲ್ವಾ, ಎಷ್ಟು ಚೆನ್ನಾಗಿ ಮಾಡಿದೀಯಲ್ಲೋ," ಎಂದರು. ಸೆಲ್ವಂ ಬೇರೆ ಕಡೆ ನೋಡಿದ.

ಆಮೇಲೆ ಟೈರ್ ಗೋದಾಮು. ಗೋದಾಮಿನ ಯಜಮಾನರು ಒಮಾನಿ, ಕಸೂತಿ ಟೋಪಿ, ಕಾಲಿನವರೆಗೆ ಬಿಳಿ ನಿಲುವಂಗಿ. ಟೈರುಗಳ ನಡುವೆ ಇದ್ದೂ ಒಂದು ಕಪ್ಪು ಚುಕ್ಕೆ ಇಲ್ಲ. ಮೊದಲು ಕೂರಿಸಿ ಖರ್ಜೂರ ಕೊಟ್ಟರು, ಪುಟ್ಟ ಬಟ್ಟಲಲ್ಲಿ ಏಲಕ್ಕಿ ಕಾಫಿ ಕೊಟ್ಟರು. ಬಟ್ಟಲು ಖಾಲಿಯಾದಂತೆ ತುಂಬಿಸುತ್ತಲೇ ಇದ್ದರು. ಬೇಡ ಎನ್ನಲು ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಬೇಕಂತೆ. ಅದನ್ನು ಸೆಲ್ವಂ ಹೇಳಿದ್ದು ನಮ್ಮವರು ಹೊಟ್ಟೆ ತುಂಬ ಕಾಫಿ ಕುಡಿದು ಒದ್ದಾಡುತ್ತಿದ್ದಾಗ. ನಮ್ಮ ಕಡೆ ಬೇಡ ಎಂದು ಬಾಯಲ್ಲಿ ಹೇಳಿದರೂ ಬಡಿಸುತ್ತಾರೆ, ಇಲ್ಲಿ ಬಟ್ಟಲು ಅಲ್ಲಾಡಿಸಿದರೆ ಸಾಕು. ಮದುವೆ ಮನೆಗಳಿಗೆ ಈ ಪದ್ಧತಿ ತರಬೇಕು ಅಂದುಕೊಂಡೆ.

ಎರಡು ಥರದ ಟೈರು ಇಳಿಸಿ ನಿಲ್ಲಿಸಿದರು. ಎರಡೂ ನನ್ನ ಸೊಂಟಕ್ಕಿಂತ ಎತ್ತರ. ಒಂದಕ್ಕೆ ಇಷ್ಟಿಷ್ಟು ದಪ್ಪ ಹಲ್ಲು, ಹಲ್ಲಿನ ನಡುವೆ ಅಂಗೈ ಹೋಗುವಷ್ಟು ಸಂದು. ಇನ್ನೊಂದರ ಹಲ್ಲು ಒತ್ತೊತ್ತಾಗಿ, ಒಂದೊಂದು ಹಲ್ಲಿಗೂ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸೀಳು, ಟೈರಿನ ಪಕ್ಕೆಯ ಮೇಲೂ ಹಲ್ಲು ಹತ್ತಿಕೊಂಡಿತ್ತು. ಮುಟ್ಟಿದರೆ ಬೆರಳಿಗೆ ಅಂಟಿದ ಹಾಗೆ.

"ಇಲ್ಲಿನೋರು ಜಾಸ್ತಿ ಇದನ್ನೇ ಹಾಕ್ತಾರೆ," ಎಂದ ಸೆಲ್ವಂ, ಎರಡನೆಯದನ್ನು ತೋರಿಸಿ.

ಇವರು ನಕ್ಕೇಬಿಟ್ಟರು. "ಇದಾ? ಇದು ಅಂಟು ಅಂಟಾಗಿದೆ ಮಾರಾಯ, ಬಿಸಿಲಿಗಿಟ್ಟ ಹಲ್ವಾ ಇದ್ದಂಗೆ. ಟೈರ್ ಅಂದ್ರೆ ಗಟ್ಟಿ ಇರ್ಬೇಕು, ಹಲ್ಲಿರ್ಬೇಕು. ಹುಲಿಕಲ್ ಕಡೆ ಕೆಸರಲ್ಲಿ ಸೊಂಟದವರೆಗೆ ಹೂತ್ಕೊಂಡ ಗಾಡೀನ ಎತ್ತಿದ್ದು ಇಂಥ ಟೈರು." ದೊಡ್ಡ ಹಲ್ಲಿನದನ್ನು ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟಿದರು. ಗೋದಾಮಿನ ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಅತಿಥಿಗೆ ಎದುರಾಡಬಾರದು ಅನ್ನಿಸಿರಬೇಕು, ಇನ್ನೊಂದು ಖರ್ಜೂರ ಕೊಟ್ಟರು.

ಗ್ಯಾರೇಜಿನಲ್ಲಿ ಟೈರು ಕೂರಿಸಿ, ಗಾಳಿ ಭರ್ತಿ ಹೊಡೆಸಿ, ಅತ್ತೆಗೆ ವಿಡಿಯೋ ಕಾಲ್ ಮಾಡಿ, ಮನೆ ಗಿಡದ ನಾಲ್ಕೂ ಹಣ್ಣು ಚಕ್ರದ ಕೆಳಗಿಟ್ಟರು. ಫಚ್, ಫಚ್. ಅತ್ತೆ ಅಲ್ಲಿಂದಲೇ ಕೈ ಮುಗಿದರು. ಎಲ್ಲ ಸರಿಯಾಯಿತು ಅಂದುಕೊಂಡೆವು.

ಒಣಹೊಳೆ

ಮರುದಿನ ಅಭ್ಯಾಸಕ್ಕೆ ಹೊರಟೆವು. ಸೆಲ್ವಂ ತನ್ನ ದೊಡ್ಡ ಗಾಡಿಯ ಹಿಂದೆ ಕಟ್ಟಿದ ತೇರಿನಂಥ ಟ್ರೇಲರಿಗೆ ಜೀಪನ್ನು ಹತ್ತಿಸಿ, ಹಗ್ಗದಲ್ಲಿ ಬಿಗಿದು ಎಳೆದುಕೊಂಡು ಬಂದ. ದಾರಿಯುದ್ದಕ್ಕೂ ಹಸಿರೆಂಬುದು ಖರ್ಜೂರದ ತೋಟ ಬಂದಾಗ ಮಾತ್ರ. ಉಳಿದದ್ದೆಲ್ಲ ಬೆಟ್ಟ, ಅದೂ ಒಂದು ಹುಲ್ಲುಕಡ್ಡಿ ಇಲ್ಲದ ಬೆಟ್ಟ. ಬೇಸಿಗೆಯಲ್ಲಿ ಗಾಜನೂರಿನ ಕೆಳಗೆ ತುಂಗೆ ಬತ್ತಿದಾಗಲೂ ಬಂಡೆಯ ಸಂದಿಯಲ್ಲಿ ಒಂದಿಷ್ಟು ನೀರು, ಒಂದಿಷ್ಟು ಹಸಿರು ಇದ್ದೇ ಇರುತ್ತದೆ. ಅಲ್ಲಿನ ಬಂಡೆಗಳು ನೀರು ಸವರಿ ಸವರಿ ನುಣುಪಾಗಿರುತ್ತವೆ. ಇಲ್ಲಿನವು ಮುಟ್ಟಿದರೆ ಕೈ ಗೀರುತ್ತವೆ. ಆದರೂ ಚಂದವೇ. ಬಿಸಿಲು ಏರಿದ ಹಾಗೆ ಬೆಟ್ಟ ಕಂದು, ಗುಲಾಬಿ, ನೇರಳೆ ಎಂದು ಬಣ್ಣ ಬದಲಿಸುತ್ತಿತ್ತು. ನನಗೆ ಕಣ್ಣು ಕೀಳಲಾಗಲಿಲ್ಲ.

ನನಗೂ ಒಂದು ಕೆಲಸ ಕಾದಿತ್ತು. ಡ್ರೈವರಿಗೆ ಚಕ್ರದ ಕೆಳಗಿನ ಬಂಡೆ ಕಾಣುವುದಿಲ್ಲ. ಹಾಗಾಗಿ ಒಬ್ಬರು ಮುಂದೆ ನಿಂತು ಎಡಕ್ಕೆ, ಬಲಕ್ಕೆ, ನಿಲ್ಲಿಸು ಎಂದು ಕೈಸನ್ನೆ ಮಾಡಬೇಕು. ಡ್ರೈವರ್ ಮರುಮಾತಾಡದೆ ಕೇಳಬೇಕು. ಸೆಲ್ವಂಗೆ ಕೈಯೇ ಏಳುವುದಿಲ್ಲ.

"ಅತ್ತಿಗೆ, ನೀವು ಡ್ರಿಲ್ ಮಾಡ್ಸೋರಲ್ವಾ, ನೀವೇ ನಿಂತ್ಕೊಳ್ಳಿ," ಎಂದ.

ಚೀಲದಿಂದ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡೆ. ಮದುವೆಯಾದಾಗಿನಿಂದ ಇಂಥದ್ದೊಂದು ನಿಯಮಕ್ಕಾಗಿ ನಾನು ಕಾಯುತ್ತಿದ್ದೆ ಎಂದು ಆಗಲೇ ಗೊತ್ತಾಗಿದ್ದು. ಎಡಕ್ಕೆ ಎಂದರೆ ಎಡಕ್ಕೆ ತಿರುಗುತ್ತಾರೆ, ನಿಲ್ಲಿ ಎಂದರೆ ನಿಲ್ಲುತ್ತಾರೆ. ಬೇಕೆಂದೇ ಒಂದೆರಡು ಸಲ ಹೆಚ್ಚಿಗೆ ನಿಲ್ಲಿಸಿದೆ.

ಆದರೆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಗಾಡಿ ಸಣ್ಣ ಬಂಡೆಯನ್ನೇ ಹತ್ತಲು ಒಲ್ಲೆ ಎಂದಿತು. ಚಕ್ರ ಗರಗರ ತಿರುಗುತ್ತದೆ, ರಬ್ಬರ್ ಸುಟ್ಟ ವಾಸನೆ ಬರುತ್ತದೆ, ಗಾಡಿ ಜಾರಿ ಹಿಂದಕ್ಕೆ ಬರುತ್ತದೆ. ಇವರು ಇನ್ನಷ್ಟು ಜೋರಾಗಿ ಒತ್ತುತ್ತಾರೆ. ಅದು ಇನ್ನಷ್ಟು ಜಾರುತ್ತದೆ. ಒಂದು ಹಲ್ಲಿನ ತುಂಡು ಕಿತ್ತು ಬಂದು ನನ್ನ ಕಾಲ ಬಳಿ ಬಿತ್ತು. ಸೆಲ್ವಂ ಒಂದು ಕಲ್ಲಿನ ಮೇಲೆ ಕೂತು ನೆಲ ನೋಡುತ್ತಿದ್ದ.

ಆ ತುಂಡು ಕೈಯಲ್ಲಿ ಹಿಡಿದಾಗ ನನಗೆ ನಮ್ಮ ಸ್ಕೂಲಿನ ಮೊಗಸಾಲೆ ನೆನಪಾಯಿತು. ಫುಟ್‌ಬಾಲ್ ಆಡುವ ಹುಡುಗಿಯರಿಗೆ ಮೊಳೆ ಶೂ ಹಾಕಿಕೊಂಡು ಸಿಮೆಂಟಿನ ಮೇಲೆ ಓಡಬೇಡಿ ಅಂತ ದಿನಾ ಕೂಗುತ್ತೇನೆ. ಮಣ್ಣಿನಲ್ಲಿ ಹಿಡಿತ ಕೊಡುವ ಅದೇ ಮೊಳೆ ಸಿಮೆಂಟಿನ ಮೇಲೆ ಜಾರಿ ಬೀಳಿಸುತ್ತದೆ.

"ರೀ, ಇಳೀರಿ," ಎಂದೆ. "ನಮ್ಮ ಹುಡುಗೀರು ಮೊಳೆ ಶೂ ಹಾಕ್ಕೊಂಡು ಮೊಗಸಾಲೇಲಿ ಬೀಳಲ್ವಾ, ಹಂಗಾಗಿದೆ ಇದು. ಕೆಸರಾದ್ರೆ ಹಲ್ಲು ಒಳಗೆ ಹೋಗುತ್ತೆ. ಬಂಡೆ ಒಳಗೆ ಎಲ್ಲಿ ಹೋಗುತ್ತೆ? ಬರೀ ತುದಿ ತಾಗ್ತಿದೆ."

"ಟೈರ್ ಮಾರೋನು ನಾನು."

"ಬೀಳೋರನ್ನ ಎತ್ತೋಳು ನಾನು."

ಇವರು ಮುಖ ಊದಿಸಿಕೊಂಡು ಹೊಳೆಯ ಆ ದಡದವರೆಗೆ ನಡೆದು ಹೋದರು. ನಾನು ಕರೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬಂಡೆ ಹತ್ತಿ ಇಳಿಯುತ್ತಿರುವುದು ಕಂಡಿತು. ವಾಪಸ್ ಬಂದವರು ನನ್ನನ್ನು ನೋಡದೆ ಸೆಲ್ವಂಗೆ ಹೇಳಿದರು. "ಆ ಹಲ್ವಾ ಟೈರೇ ಹಾಕೋಣ ಮಾರಾಯ. ಬರಿಗಾಲು ಹೆಂಗೆ ಅಂಟ್ಕೊಳ್ಳುತ್ತೆ ಗೊತ್ತಾ ಈ ಕಲ್ಲಿಗೆ!"

ಮತ್ತೆ ಗ್ಯಾರೇಜು

ಮೆತ್ತನೆಯ ಟೈರು ಬಂತು. ಗಾಳಿ ಎಷ್ಟು ಹಿಡಿಸುವುದು ಎಂದು ಇವರು ಕೇಳಿದರೆ, ಹಿಡಿಸುವುದಲ್ಲ, ಇಳಿಸುವುದು ಎಂದ ಸೆಲ್ವಂ. ಊರಿನ ಅಂಗಡಿಯಲ್ಲಿ ಅಷ್ಟು ಕಡಿಮೆ ಗಾಳಿಯ ಚಕ್ರ ಕಂಡರೆ ಪಂಕ್ಚರ್ ಎಂದು ಬಿಚ್ಚಲು ಶುರು ಮಾಡುತ್ತಾರೆ. ಟೈರು ರಿಮ್ಮಿನಿಂದ ಕಳಚಿಕೊಳ್ಳದಂತೆ ಸುತ್ತ ಒಂದು ಉಕ್ಕಿನ ಬಳೆ ಇಟ್ಟು ಬೋಲ್ಟು ಬಿಗಿದಿದ್ದರು. ಗಾಳಿ ಇಳಿದ ಮೇಲೆ ಟೈರು ನೆಲದ ಮೇಲೆ ಆನೆಯ ಪಾದದ ಹಾಗೆ ಅಗಲವಾಗಿ ಕೂತಿತು.

ಟೈರು ಹೊಸದೆಂದ ಮೇಲೆ ನಿಂಬೆಹಣ್ಣು ಬೇಕಲ್ಲ. ಬೀದಿಯ ಕೊನೆಯ ಕೇರಳದವರ ಅಂಗಡಿಯಿಂದ ನಾಲ್ಕು ತಂದೆ. ಕೆಳಗಿಟ್ಟರು. ಇವರು ಗಾಡಿ ಮುಂದಕ್ಕೆ ಬಿಟ್ಟರು. ನಾವು ಫಚ್ ಸದ್ದಿಗೆ ಕಾದೆವು.

ಸದ್ದಿಲ್ಲ.

ಬಗ್ಗಿ ನೋಡಿದರೆ ನಾಲ್ಕೂ ಹಣ್ಣು ನೆಲದ ಮೇಲೆ ಆರಾಮವಾಗಿ ಕೂತಿವೆ. ಮೈಮೇಲೆ ಟೈರಿನ ಗುರುತು ಬಿದ್ದಿದೆ, ಒಂದಿಷ್ಟು ಚಪ್ಪಟೆಯಾಗಿವೆ, ಒಡೆದಿಲ್ಲ. ಹಿಂದಕ್ಕೆ ಹಾಯಿಸಿದರು. ಇಲ್ಲ. ಮೆತ್ತನೆಯ ರಬ್ಬರು ಹಣ್ಣಿನ ಸುತ್ತ ಮಡಚಿಕೊಂಡು, ಅದನ್ನು ಅಪ್ಪಿಕೊಂಡು ದಾಟುತ್ತಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಆದರೆ ನಕ್ಕವಳು ನಾನೊಬ್ಬಳೇ. ಇವರ ಮುಖ ಬಿಳಿಚಿಕೊಂಡಿತ್ತು. ಅಷ್ಟು ವರ್ಷ ಅಂಗಡಿ ನಡೆಸಿದ್ದರಲ್ಲಿ ಒಡೆಯದ ನಿಂಬೆಹಣ್ಣನ್ನು ಇವರು ನೋಡಿಯೇ ಇರಲಿಲ್ಲ. ಸೆಲ್ವಂ ಎಷ್ಟು ವರ್ಷ ಮಸ್ಕತ್ತಿನಲ್ಲಿದ್ದರೇನು, ಅವನೂ ಭದ್ರಾವತಿಯವನೇ.

"ಅಯ್ಯಯ್ಯೋ," ಎಂದ.

"ಹಣ್ಣು ಸರಿ ಇಲ್ಲ," ಎಂದರು ಇವರು. "ಸಿಪ್ಪೆ ದಪ್ಪ ಇದೆ."

"ಹಣ್ಣೇನೋ ಸರಿಯಾಗೇ ಇದೆ. ಟೈರ್ ಹಿಂಗೇ ಇರ್ಬೇಕು ಅಂತ ತಾನೇ ತಂದಿದ್ದು? ನಿಂಬೆಹಣ್ಣನ್ನೇ ಒಡೀದೆ ಹಿಡ್ಕೊಳ್ಳುತ್ತೆ ಅಂದ್ರೆ ಬಂಡೆ ಬಿಡುತ್ತಾ?" ಎಂದೆ.

ಮಾತು ಇಬ್ಬರಿಗೂ ಅರ್ಥವಾಯಿತು. ಮನಸ್ಸಿಗೆ ಇಳಿಯಲಿಲ್ಲ. ಒಂದು ಸ್ವಲ್ಪ ಗಾಳಿ ಹೆಚ್ಚಿಸಿ ಒಡೆದು, ಆಮೇಲೆ ಇಳಿಸಿದರಾಯಿತು ಎಂದು ನಾನು ಹೇಳಿದರೆ, ಅದು ಮೋಸವಾಗುತ್ತದೆ ಎಂದರು ಇವರು. ಯಾವ ಗಾಳಿಯಲ್ಲಿ ಹಣ್ಣು ಒಡೆಯಿತೋ ಅದೇ ಗಾಳಿಯಲ್ಲಿ ಗಾಡಿ ಹೋಗಬೇಕಂತೆ. ಈ ಶಾಸ್ತ್ರ ಯಾವಾಗ ಹುಟ್ಟಿತು ಎಂದು ಕೇಳಿದೆ. ಅತ್ತೆಗೆ ಹೇಳುವುದು ಬೇಡ ಎಂದು ಮಾತ್ರ ಇಬ್ಬರು ಗಂಡಸರೂ ತೀರ್ಮಾನಿಸಿದರು. ಹಣ್ಣುಗಳನ್ನು ಒಂದು ಚೀಲಕ್ಕೆ ಹಾಕಿ ಸೆಲ್ವಂನ ದೊಡ್ಡ ಗಾಡಿಯಲ್ಲಿಟ್ಟರು.

ಗೋಡೆ

ಆ ದಿನ ಒಣಹೊಳೆಯಲ್ಲಿ ಜಾತ್ರೆಯಷ್ಟು ಜನ ಇರುತ್ತಾರೆ ಅಂದುಕೊಂಡಿದ್ದೆ. ಇದ್ದದ್ದು ಬೆರಳೆಣಿಕೆಯಷ್ಟು ಗಾಡಿ, ಅದರ ಎರಡರಷ್ಟು ಚಾಪೆ. ಒಮಾನಿಗಳು ಮೊದಲು ಚಾಪೆ ಹಾಸುತ್ತಾರೆ, ಆಮೇಲೆ ಗಾಡಿ ಇಳಿಸುತ್ತಾರೆ. ಒಂದು ಕಡೆ ಒಲೆ ಹೂಡಿ ಅನ್ನ, ಮಾಂಸ. ನಾವು ಮಾಂಸ ತಿನ್ನುವುದಿಲ್ಲವೆಂದು ತಿಳಿದ ಕೂಡಲೇ ಎಲ್ಲರ ಮನೆಯ ಖರ್ಜೂರವೂ ನಮ್ಮ ಚಾಪೆಯ ಮೇಲೆ ಬಂದು ಬಿತ್ತು. ಯಾರಿಗೂ ಅವಸರವಿಲ್ಲ. ಒಬ್ಬನ ಗಾಡಿ ಸಿಕ್ಕಿಕೊಂಡರೆ ಉಳಿದವರೆಲ್ಲ ಕೆಲಸ ಬಿಟ್ಟು ತಳ್ಳಲು ಬರುತ್ತಾರೆ. ನಮ್ಮಲ್ಲೂ ಬರುತ್ತಾರೆ, ಆದರೆ ಅರ್ಧ ಜನ ಸಲಹೆ ಕೊಡಲು.

ಗಾಡಿ ಕೊಳ್ಳಲು ಬಂದಿದ್ದವನ ಹೆಸರು ಹಮದ್. ತೆಳ್ಳಗಿನ, ನಗುಮುಖದ ಯುವಕ. ಗಾಡಿಯ ಸುತ್ತ ಓಡಾಡುತ್ತ, ಕೊಳವೆಗಳನ್ನು ಸವರುತ್ತ, ಒಂದು ಬೆಸುಗೆಯ ಮೇಲೆ ಬೆರಳಾಡಿಸಿ ಸೆಲ್ವಂ ಕಡೆ ತಿರುಗಿ ಭೇಷ್ ಎನ್ನುವಂತೆ ತಲೆ ಆಡಿಸಿದ. ಸೆಲ್ವಂ ನಗಲು ಪ್ರಯತ್ನಪಟ್ಟ. ನನಗೆ ನೋಡಲಾಗಲಿಲ್ಲ.

ನಡುವೆ ಎಲ್ಲರೂ ನಮಾಜಿಗೆ ನಿಂತರು. ಹೊಳೆ ಪೂರ್ತಿ ಮೌನ. ಆ ಹೊತ್ತಿಗೆ ನಾನು ನೆರಳು ಹುಡುಕಿಕೊಂಡು ಕೂತಿದ್ದೆ. ನಮ್ಮ ಗಾಡಿ ನಿಲ್ಲಿಸಿದ ಕಡೆಯಿಂದ ಗಾಳಿ ಪಂಪಿನ ಡರ್ರ್ ಸದ್ದು ಸಣ್ಣಗೆ ಕೇಳಿಸಿತು. ಏನೋ ಸರಿಮಾಡುತ್ತಿದ್ದಾರೆ ಅಂದುಕೊಂಡು ಸುಮ್ಮನಾದೆ.

ನಮ್ಮ ಸರದಿ ಬಂತು. ನಾನು ಸೀಟಿ ಕಚ್ಚಿಕೊಂಡು ಗೋಡೆಯ ಪಕ್ಕದ ಕಲ್ಲಿನ ಮೇಲೆ ನಿಂತೆ. ಸೆಲ್ವಂ ಬೆನ್ನು ತಿರುಗಿಸಿ ನಿಂತ. ನೋಡಲು ಧೈರ್ಯವಿಲ್ಲ ಎಂದು ನೇರವಾಗಿಯೇ ಹೇಳಿದ.

ಗಾಡಿ ಹತ್ತಿತು. ಎಂಥ ಚಂದ! ಮುಂದಿನ ಚಕ್ರ ಬಂಡೆಗೆ ತಾಗಿ, ಅಲ್ಲೇ ಸ್ವಲ್ಪ ಕುಸಿದು, ಹಿಡಿದುಕೊಂಡು, ಮೆಲ್ಲಗೆ ಮೇಲೇರುತ್ತಿತ್ತು. ಗೋಡೆಯಲ್ಲಿ ಹಲ್ಲಿ ಹೋದಂತೆ ಸದ್ದಿಲ್ಲದೆ. ಮೇಲಿನ ಅಂಚು ಇನ್ನೊಂದು ಗೇಣಿದೆ ಎನ್ನುವಾಗ ಎಡಗಡೆಯ ಹಿಂದಿನ ಚಕ್ರ ಗರ್ ಎಂದು ತಿರುಗಿತು. ಜಾರಿತು. ಮತ್ತೆ ಒತ್ತಿದರು. ಮತ್ತೆ ಜಾರಿತು. ಗಾಡಿ ಓರೆಯಾಯಿತು. ನಾನು ಜೋರಾಗಿ ಸೀಟಿ ಊದಿ ನಿಲ್ಲಿಸಿ ಎಂದು ಕೈ ಮೇಲೆತ್ತಿದೆ. ಬುಡದವರೆಗೆ ಮೆಲ್ಲಗೆ ಹಿಂದಕ್ಕೆ ಇಳಿಸಿದೆವು.

ಇನ್ನೊಂದೇ ಸಲ ಬಿಡುತ್ತೇವೆ, ಹಿಂದಿನವರು ಕಾಯುತ್ತಿದ್ದಾರೆ ಎಂದರು ಅಲ್ಲಿ ಸರದಿ ನೋಡಿಕೊಳ್ಳುತ್ತಿದ್ದವರು.

ಸೆಲ್ವಂ ಬಂದು ನಾಲ್ಕು ಚಕ್ರವನ್ನೂ ಒತ್ತಿ ನೋಡಿದ. ಎಡಗಡೆಯ ಹಿಂದಿನದರ ಹತ್ತಿರ ನಿಂತುಬಿಟ್ಟ. "ರುದ್ರ, ಇದು ಕಲ್ಲಿದ್ದಂಗಿದೆ. ಗಾಳಿ ಯಾರ್ ಹೊಡೆದ್ರು?"

ಇವರು ಸ್ಟೇರಿಂಗ್ ನೋಡುತ್ತ ಕೂತಿದ್ದರು. "ನಾನೇ. ಒಂದಾದ್ರೂ ಒಡೀಲಿ ಅಂತ."

"ಏನು?"

"ನಿಂಬೆಹಣ್ಣು. ಒಂದೂ ಒಡೀದೆ ಹೋಗೋದು ಹೆಂಗೆ? ನಿನ್ನ ಗಾಡಿ, ಏನಾದ್ರೂ ಆದ್ರೆ ನಾನು ನಿಂಗೆ ಏನ್ ಹೇಳ್ಲಿ? ಅದ್ಕೇ ಒಂದು ಚಕ್ರಕ್ಕೆ ಮಾತ್ರ ಹೊಡೆದು ಒಡೆಸ್ದೆ."

ನನಗೆ ಸಿಟ್ಟು ನೆತ್ತಿಗೇರಿತು. "ಇಳ್ಸಿ ಗಾಳಿನ," ಎಂದೆ. ಇವರು ಕದಲಲಿಲ್ಲ. ಸೆಲ್ವಂ ಇಳಿಸೋಣ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಆ ಬಿಸಿಲಲ್ಲಿ, ಅಷ್ಟು ಜನರ ಎದುರು, ಅವನ ಅಷ್ಟೂ ವರ್ಷದ ಸಂಜೆಗಳು ಒಂದು ನಿಂಬೆಹಣ್ಣಿನ ಮೇಲೆ ನಿಂತಿದ್ದವು.

ನಾನು ಸೆಲ್ವಂನ ಫೋನು ಇಸಿದುಕೊಂಡು, ಇವರನ್ನೂ ಎಬ್ಬಿಸಿಕೊಂಡು ಸಿಗ್ನಲ್ ಸಿಗುವ ಬಂಡೆ ಹತ್ತಿ, ಅತ್ತೆಗೆ ಹಚ್ಚಿ, ಇವರ ಕೈಗೆ ಕೊಟ್ಟೆ. ಸ್ಪೀಕರ್ ಹಾಕಿದೆ. ಒಮಾನಿಗಳೆಲ್ಲ ಸುತ್ತ ಬಂದು ನಿಂತರು.

"ಅವ್ವ, ನಿಂಬೆಹಣ್ಣು ಒಡೀಲಿಲ್ಲ."

"ಯಾವ ಹಣ್ಣು? ಅವತ್ತು ಒಡೀತಲ್ಲೋ, ನಾನೇ ನೋಡಿದ್ನಲ್ಲ."

"ಅದು ಬೇರೆ ಟೈರು. ಇದು ಮೆತ್ತಗಿದೆ. ಹಣ್ಣಿನ ಮೇಲೆ ಹತ್ತಿ ಇಳೀತು, ಹಣ್ಣು ಹಂಗೇ ಇದೆ. ಗಾಳಿ ಜಾಸ್ತಿ ಮಾಡಿದ್ರೆ ಒಡೆಯುತ್ತೆ, ಆದ್ರೆ ಗಾಡಿ ಹತ್ತಲ್ಲ."

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು.

"ಅಲ್ವೋ, ನಿಂಬೆಹಣ್ಣು ಇಡೋದು ಯಾತಕ್ಕೆ?"

"ದೃಷ್ಟಿಗೆ."

"ಯಾರ ದೃಷ್ಟಿಗೆ?"

"ನೋಡ್ದೋರ ದೃಷ್ಟಿಗೆ."

"ಭದ್ರಾವತೀಲಾದ್ರೆ ಅಕ್ಕಪಕ್ಕದ ಅಂಗಡಿಯೋರು, ನೆಂಟ್ರು, ಎಲ್ಲಾ ಇದಾರೆ, ಒಡೆಯುತ್ತೆ. ಅಲ್ಲಿ ನಿನ್ನ ನೋಡಿ ಹೊಟ್ಟೆ ಉರ್ಕೊಳ್ಳೋಷ್ಟು ಗುರುತಿರೋರು ಯಾರಿದಾರೋ? ದೃಷ್ಟಿನೇ ಇಲ್ಲ ಅಂದ್ಮೇಲೆ ಹಣ್ಣು ಯಾಕೆ ಒಡೀಬೇಕು? ಗಿರಿಜಾ ಏನಂತಾಳೆ?"

"ಗಾಳಿ ಇಳ್ಸಿ ಅಂತಾಳೆ."

"ಇಳ್ಸು ಮತ್ತೆ. ಒಲೆ ಮೇಲೆ ಸಾರಿದೆ, ಇಡ್ತೀನಿ."

ಫೋನು ಕಟ್ಟಾಯಿತು. ಹಮದ್ ನನ್ನನ್ನು ಕೇಳಿದ, ಎಂಜಿನಿಯರಾ ಎಂದು. "ಇವರ ತಾಯಿ," ಎಂದೆ. ನಗುತ್ತಾರೆ ಅಂದುಕೊಂಡೆ. ಯಾರೂ ನಗಲಿಲ್ಲ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ತಾಯಿಯ ಅಪ್ಪಣೆ ಕೇಳಿ ಬಂಡೆ ಹತ್ತುವುದು ಅಲ್ಲಿ ತೀರಾ ಸಹಜವಾದ ಕೆಲಸವಂತೆ. ಏನು ಅಪ್ಪಣೆಯಾಯಿತು ಎಂದು ಕೇಳಿದರು. ಗಾಳಿ ಇಳಿಸಬೇಕು ಎಂದೆ. ಹಮದ್ ತಾನೇ ಮೊಣಕಾಲೂರಿ, ತನ್ನ ಬಿಳಿ ನಿಲುವಂಗಿಯಲ್ಲೇ ಚಕ್ರದ ಪಕ್ಕ ಕೂತು, ಮುಚ್ಚಳ ತೆಗೆದು ಗಾಳಿ ಬಿಡತೊಡಗಿದ. ಉಸ್ಸ್ ಎಂದು ಸದ್ದು.

ಆ ಗಾಡಿಯ ಮೇಲೆ ಕಣ್ಣಿಟ್ಟವನು ಯಾರಾದರೂ ಅಲ್ಲಿದ್ದರೆ ಅದು ಅವನೊಬ್ಬನೇ. ಗಾಡಿ ಹತ್ತದಿದ್ದರೆ ಅದು ಅವನದಾಗುತ್ತಿತ್ತು. ಅವನೇ ಗೇಜು ಹಿಡಿದು, ಉಳಿದ ಮೂರು ಚಕ್ರಕ್ಕೆ ಸರಿಯಾಗಿ ಹೊಂದುವವರೆಗೆ, ಬೆವರು ಒರೆಸಿಕೊಳ್ಳುತ್ತ ಕೂತಿದ್ದ. ಅತ್ತೆ ಹೇಳಿದ್ದು ನಿಜ ಅನ್ನಿಸಿ ನನಗೆ ಕಣ್ಣು ತುಂಬಿತು.

ಎರಡನೇ ಸಲ ನಾನು ಸೀಟಿ ಊದುವ ಅಗತ್ಯವೇ ಬೀಳಲಿಲ್ಲ. ಬಲಕ್ಕೆ, ಸ್ವಲ್ಪ ಬಲಕ್ಕೆ, ಬನ್ನಿ, ಬನ್ನಿ. ಎಡಗಡೆಯ ಹಿಂದಿನ ಚಕ್ರ ಅದೇ ಜಾಗಕ್ಕೆ ಬಂತು. ಅಂಚಿಗೆ ಮೈ ಮಡಚಿತು. ಹಿಡಿಯಿತು. ಗಾಡಿ ಒಂದು ಸಲ ತೂಗಿ, ಮೇಲೆ ಹೋಗಿ ಸಮನಾಗಿ ನಿಂತಿತು. ಹೊಳೆಯ ತುಂಬ ಕೂಗು, ಶಿಳ್ಳೆ, ಹಾರನ್ನು.

ಸೆಲ್ವಂ ಈ ಸಲವೂ ಬೆನ್ನು ತಿರುಗಿಸಿಯೇ ನಿಂತಿದ್ದ. "ಅತ್ತಿಗೆ, ಹತ್ತಿತಾ?" ಎಂದ. ಇಷ್ಟೊಂದು ಗಲಾಟೆ ಕೇಳಿಯೂ ಕೇಳಿದ.

"ಹತ್ತಿತು ಸೆಲ್ವಂ. ತಿರುಗಿ ನೋಡು."

ತಿರುಗಿ ನೋಡಿದವನು ಎರಡೂ ಕೈ ಮೇಲೆತ್ತಲು ಹೋದ. ಬಲಗೈ ಅರ್ಧಕ್ಕೇ ನಿಂತಿತು. ಅಳುತ್ತಿದ್ದನೋ ನೋವಿಗೆ ಮುಖ ಕಿವುಚಿದನೋ ನನಗೆ ಗೊತ್ತಾಗಲಿಲ್ಲ. ಹಮದ್ ಅವನ ಎಡಗೈ ಹಿಡಿದು ಕುಲುಕಿ, ಮಾರಬೇಡ ಎಂದ.

ಸೆಲ್ವಂನ ಮನೆ

ಸಂಜೆ ಮನೆಗೆ ಬಂದಾಗ ಕಾವೇರಿ ಬಾಗಿಲಲ್ಲೇ ನಿಂತಿದ್ದಳು. ಸೆಲ್ವಂ ಅಪರಾಧಿಯ ಹಾಗೆ ಮೆಲ್ಲಗೆ ಹೇಳಿದ, "ಗಾಡಿ ಹತ್ತಿತು. ಮಾರಲ್ಲ ಅಂದ್ಬಿಟ್ಟೆ."

"ಮಾರಿ ಅಂತ ನಾನ್ಯಾವಾಗ ಅಂದೆ?" ಎಂದಳು ಕಾವೇರಿ. "ಅದನ್ನ ಮಾರ್ಬಿಟ್ರೆ ದಿನಾ ಸಂಜೆ ನಿಮ್ಮನ್ನ ಮನೇಲಿ ಯಾರು ಸಹಿಸ್ಕೊಳ್ಳೋದು? ಸಾಮಾನು ಇಳಿಸಿ ಕೈಕಾಲು ತೊಳ್ಕೊಂಡು ಬನ್ನಿ, ಊಟ ಇನ್ನೇನು ಆಯ್ತು."

ಸೆಲ್ವಂ ಬಾಯಿ ತೆರೆದುಕೊಂಡು ಹೆಂಡತಿಯನ್ನು ನೋಡುತ್ತ ನಿಂತ. ನಾವು ಕೈ ತೊಳೆದು ಕೂತೆವು. ನೆಲದ ಮೇಲೆ ಹಾಸಿದ ಚಾಪೆ, ಅಗಲವಾದ ತಟ್ಟೆ, ಬಿಸಿಬಿಸಿ ಚಿತ್ರಾನ್ನ. ದಿನವಿಡೀ ಖರ್ಜೂರ ತಿಂದ ಬಾಯಿಗೆ ಆ ಒಗ್ಗರಣೆಯ ವಾಸನೆ ಬಂದಾಗ ಊರು ಸೇರಿದಷ್ಟು ಸಂತೋಷವಾಯಿತು. ಇವರು ದೊಡ್ಡ ತುತ್ತೊಂದನ್ನು ಬಾಯಿಗಿಟ್ಟರು.

"ಹುಳಿ ಸರಿಯಾಗಿದೆಯಾ ಅಣ್ಣ?" ಎಂದಳು ಕಾವೇರಿ. "ಮನೇಲಿ ನಿಂಬೆಹಣ್ಣು ಮುಗಿದೋಗಿತ್ತು. ನೀವು ಸಾಮಾನು ಇಳಿಸ್ತಿದ್ದಾಗ ಗಾಡೀಲಿ ಒಂದು ಚೀಲ ಕಂಡ್ತು, ಮೂರು ಹಣ್ಣಿತ್ತು. ಏನೋ ಕೊಳೆ ಹತ್ತಿತ್ತು, ಉಜ್ಜಿ ತೊಳ್ದು ಹಿಂಡ್ಬಿಟ್ಟೆ. ಒಳ್ಳೇ ರಸ ಬಂತು, ಮೊದಲೇ ಯಾರೋ ಚೆನ್ನಾಗಿ ನಾದಿ ಮೆತ್ತಗೆ ಮಾಡಿಟ್ಟಂಗಿತ್ತು."

ಸೆಲ್ವಂನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ನಾನು ಇವರ ಮುಖ ನೋಡಿದೆ. ಇವರು ಬಾಯಲ್ಲಿದ್ದ ತುತ್ತನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ ಅಗಿದರು, ನುಂಗಿದರು, ತಟ್ಟೆ ಮುಂದಕ್ಕೆ ಹಿಡಿದರು.

"ಇನ್ನೊಂದು ಸ್ವಲ್ಪ ಹಾಕಮ್ಮ," ಎಂದರು.